ಓದಲು ಒಲ್ಲದ ಮಗುವಿಗೆ ಯಾವ ಸಾಹಸ ಕಾದಂಬರಿ?

‘ಮೇಡಂ, ಇವನು ಪುಸ್ತಕ ಕಂಡ್ರೆ ಸಾಕು, ಎದ್ದು ಹೋಗ್ತಾನೆ. ಫೈಟಿಂಗು, ಚೇಸಿಂಗು ಇರೋ ಥರದ್ದು ಏನಾದ್ರೂ ಇದ್ರೆ ಕೊಡಿ.’

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಬೀದಿಯ ಮಕ್ಕಳಿಗೆ ಪುಸ್ತಕ ಕೊಡಲು ಕೂರುತ್ತೇನೆ. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದ ಕೂಡಲೇ ಕಪಾಟಿನ ಕಡೆ ಹೋಗುವುದಿಲ್ಲ. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತೇನೆ: ‘ಹೋದ ಸಲ ಯಾವ ಪುಸ್ತಕ ಅರ್ಧಕ್ಕೆ ಬಿಟ್ಟೆ ಕಂದ? ಎಲ್ಲಿಗೆ ಬಿಟ್ಟೆ?’

ಒಬ್ಬ ಹುಡುಗ ‘ಮೂರು ಚಾಪ್ಟರ್ ಓದಿದೆ ಆಂಟಿ, ಏನೂ ಆಗ್ಲೇ ಇಲ್ಲ’ ಅಂದ. ಇನ್ನೊಬ್ಬ ‘ಒಂದೊಂದು ಪೇಜು ಇಷ್ಟುದ್ದ, ಸುಸ್ತಾಗತ್ತೆ’ ಅಂತ ಕೈ ಅಗಲಿಸಿ ತೋರಿಸಿದ. ಒಬ್ಬಳು ‘ಕಥೆ ಚೆನ್ನಾಗಿತ್ತು, ಆ ಇಂಗ್ಲಿಷೇ ಅರ್ಥ ಆಗ್ಲಿಲ್ಲ’ ಅಂತ ಮೆಲ್ಲಗೆ ಹೇಳಿದಳು. ಮತ್ತೊಬ್ಬ ಏನೂ ಹೇಳದೆ ಅಮ್ಮನ ಮುಖ ನೋಡಿದ. ನಾಲ್ವರಿಗೂ ಸಾಹಸದ ಕಥೆಯೇ ಬೇಕು, ಅದು ನಿಜ. ಆದರೆ ನಾಲ್ವರಿಗೂ ಒಂದೇ ಪುಸ್ತಕ ಹಿಡಿಸುವುದಿಲ್ಲ. ಮಗು ಎಲ್ಲಿ ಎಡವಿತು ಎಂದು ನೋಡದೆ, ಮುಖಪುಟದ ಹುಲಿ, ಬಂದೂಕು ನೋಡಿ ಕೊಂಡ ಪುಸ್ತಕ ವಾರದೊಳಗೆ ಕಪಾಟು ಸೇರುತ್ತದೆ. ಮಕ್ಕಳ ಕೈಗೆ ಮತ್ತೆ ಮತ್ತೆ ಕೊಟ್ಟು ನೋಡಿದ ಕೆಲವು ಪುಸ್ತಕಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿಟ್ಟು ತೂಗಿದ್ದೇನೆ. ಒಂಬತ್ತರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

‘ಏನೂ ಆಗ್ಲೇ ಇಲ್ಲ’ ಎನ್ನುವವರಿಗೆ

ಹೀಗೆ ಹೇಳುವ ಮಗುವಿಗೆ ಓದಲು ಬರುತ್ತದೆ. ಅದರ ದೂರು ಕಥೆಯ ಮೇಲೆ. ಇಂಥವರಿಗೆ ಆಂಟನಿ ಹೊರೊವಿಟ್ಜ್ ಅವರ ‘ಸ್ಟಾರ್ಮ್‌ಬ್ರೇಕರ್’ ಕೊಡುತ್ತೇನೆ. 2000ದಲ್ಲಿ ಬಂದ ಪುಸ್ತಕ, ಅಲೆಕ್ಸ್ ರೈಡರ್ ಸರಣಿಯ ಮೊದಲನೆಯದು. ರಾತ್ರಿ ಮೂರು ಗಂಟೆಗೆ ಮನೆಯ ಬೆಲ್ ಹೊಡೆದುಕೊಳ್ಳುವುದರಿಂದ ಕಥೆ ಶುರು. ಬಾಗಿಲಲ್ಲಿ ಪೊಲೀಸರು. ಹದಿನಾಲ್ಕರ ಅಲೆಕ್ಸನನ್ನು ಸಾಕಿದ ಚಿಕ್ಕಪ್ಪ ಕಾರು ಅಪಘಾತದಲ್ಲಿ ತೀರಿಹೋಗಿದ್ದಾನೆ, ಸೀಟ್ ಬೆಲ್ಟ್ ಹಾಕಿರಲಿಲ್ಲವಂತೆ. ಆದರೆ ಆ ಚಿಕ್ಕಪ್ಪ ಬೆಲ್ಟ್ ಹಾಕದೆ ಕಾರು ಹತ್ತಿದವನೇ ಅಲ್ಲ ಎಂಬುದು ಅಲೆಕ್ಸನಿಗೆ ಗೊತ್ತು. ಅಷ್ಟೇ ಸಾಕು. ಆಮೇಲೆ ಹುಡುಗ ಗುಜರಿ ಅಂಗಳಕ್ಕೆ ನುಗ್ಗಿ ಕಾರಿನ ಮೈಮೇಲೆ ಗುಂಡಿನ ತೂತು ನೋಡುತ್ತಾನೆ. ಅವನು ಒಳಗಿರುವಾಗಲೇ ಆ ಕಾರನ್ನು ಪುಡಿಮಾಡುವ ಯಂತ್ರಕ್ಕೆ ಹಾಕುತ್ತಾರೆ. ಇಷ್ಟರಲ್ಲಿ ಓದುತ್ತಿರುವ ಮಗು ಊಟಕ್ಕೆ ಕರೆದರೂ ಏಳುವುದಿಲ್ಲ.

ಇದರ ಕೊರತೆ ಏನೆಂದರೆ ಪಾತ್ರಗಳು ತೆಳು. ಖಳನಾಯಕ ಖಳನಾಯಕನೇ, ಒಳ್ಳೆಯವರು ಒಳ್ಳೆಯವರೇ. ನಾಲ್ಕೈದು ಭಾಗ ಓದುವಷ್ಟರಲ್ಲಿ ಮುಂದೇನು ಎಂಬುದು ಮಗುವಿಗೂ ಗೊತ್ತಾಗಿಬಿಡುತ್ತದೆ. ನನಗದು ದೊಡ್ಡ ತಪ್ಪಾಗಿ ಕಾಣುವುದಿಲ್ಲ. ನಾಲ್ಕು ಪುಸ್ತಕ ಓದಿ ಬೇಸರಪಟ್ಟ ಮಗು ನಾಲ್ಕು ಪುಸ್ತಕ ಓದಿರುತ್ತದಲ್ಲ.

ಇದಕ್ಕೆ ಎದುರಾಗಿ ಎನಿಡ್ ಬ್ಲೈಟನ್ ಅವರ ‘ಫೇಮಸ್ ಫೈವ್’ ಇಡಿ. 1942ರಿಂದ ಶುರುವಾದ 21 ಕಾದಂಬರಿಗಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಅಪ್ಪ ಅಮ್ಮಂದಿರು ಬಹಳ ಪ್ರೀತಿಯಿಂದ ಇದನ್ನೇ ಮೊದಲು ಎತ್ತಿಕೊಳ್ಳುತ್ತಾರೆ, ತಾವು ಬೆಳೆದದ್ದು ಇದರ ಜೊತೆ ಎಂದು. ಅವಸರದ ಮಗುವಿಗೆ ಇದು ಬೇಡ. ರಜೆ ಶುರುವಾಗಬೇಕು, ಪ್ರಯಾಣ ಮುಗಿಯಬೇಕು, ತಿಂಡಿ ಕಟ್ಟಬೇಕು, ಆಮೇಲೆ ಗುಹೆ, ನಿಧಿ, ಕಳ್ಳರು. ಆದರೆ ಒಂಬತ್ತು ಹತ್ತು ವರ್ಷದ, ಸ್ವಲ್ಪ ಪುಕ್ಕಲು ಸ್ವಭಾವದ, ಇಂಗ್ಲಿಷ್ ಈಗಷ್ಟೇ ಕೈಗೆ ಹತ್ತುತ್ತಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ. ವಾಕ್ಯ ಸರಳ, ಭಯ ಹದವಾಗಿರುತ್ತದೆ, ನಾಯಿ ಟಿಮ್ಮಿ ಕಾಪಾಡುತ್ತದೆ ಎಂಬ ಧೈರ್ಯ ಉದ್ದಕ್ಕೂ ಇರುತ್ತದೆ. ಪಾತ್ರೆ ತೊಳೆಯುವ ಕೆಲಸ ಹುಡುಗಿಯರ ಪಾಲಿಗೇ ಬರುವುದು, ಅಲೆಮಾರಿಗಳನ್ನೂ ಹೊರಗಿನವರನ್ನೂ ಅನುಮಾನದಿಂದ ನೋಡುವುದು ಅಲ್ಲಲ್ಲಿ ಇದೆ. ಅದನ್ನು ಮಕ್ಕಳ ಜೊತೆ ಮಾತಾಡಿ. ಹುಡುಗನ ಹಾಗೆ ಕೂದಲು ಕತ್ತರಿಸಿಕೊಂಡು ಜಾರ್ಜ್ ಎಂದೇ ಕರೆಸಿಕೊಳ್ಳುವ ಹುಡುಗಿ ನಮ್ಮ ಬೀದಿಯ ಹುಡುಗಿಯರಿಗೆ ಅಚ್ಚುಮೆಚ್ಚು.

ಒಂದು ಕೈಕೊಡಲಿ, ಐವತ್ತನಾಲ್ಕು ದಿನ

ಸಾಹಸ ಎಂದರೆ ಹೊಡೆದಾಟ ಎಂದುಕೊಂಡವರಿಗೆ ಗ್ಯಾರಿ ಪಾಲ್ಸನ್ ಅವರ ‘ಹ್ಯಾಚೆಟ್’ ಕೊಟ್ಟು ನೋಡಬೇಕು. 1987ರ ಪುಸ್ತಕ, ಸುಮಾರು ಇನ್ನೂರು ಪುಟ. ಹದಿಮೂರರ ಬ್ರಯನ್ ಪುಟ್ಟ ವಿಮಾನದಲ್ಲಿ ಅಪ್ಪನನ್ನು ನೋಡಲು ಕೆನಡಾದ ಉತ್ತರಕ್ಕೆ ಹೊರಟಿದ್ದಾನೆ. ವಿಮಾನದಲ್ಲಿ ಪೈಲಟ್ ಒಬ್ಬ, ಇವನೊಬ್ಬ. ಪೈಲಟ್‌ಗೆ ಹೃದಯಾಘಾತವಾಗುತ್ತದೆ. ವಿಮಾನ ಕಾಡಿನ ನಡುವಿನ ಕೆರೆಗೆ ಬೀಳುತ್ತದೆ. ಬದುಕಿ ದಡ ಸೇರಿದ ಹುಡುಗನ ಸೊಂಟದಲ್ಲಿ ಉಳಿದದ್ದು ಅಮ್ಮ ಕೊಟ್ಟ ಒಂದು ಕೈಕೊಡಲಿ. ಇಲ್ಲಿ ಶತ್ರು ಅಂತ ಯಾರೂ ಇಲ್ಲ. ಹಸಿವು, ಸೊಳ್ಳೆ, ಒಂಟಿತನ, ಒಂದು ಕಡವೆಯಂಥ ದೊಡ್ಡ ಪ್ರಾಣಿ, ಒಂದು ಸುಂಟರಗಾಳಿ. ಐವತ್ತನಾಲ್ಕು ದಿನ ಅವನು ಬದುಕಿಕೊಳ್ಳುತ್ತಾನೆ.

ಇದರಲ್ಲಿ ಬೆಂಕಿ ಹೊತ್ತಿಸುವ ಭಾಗವನ್ನು ನಾನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ, ಕನ್ನಡದಲ್ಲಿ ವಿವರಿಸುತ್ತಾ. ರಾತ್ರಿ ಕತ್ತಲಲ್ಲಿ ಗುಹೆಗೆ ಮುಳ್ಳುಹಂದಿ ನುಗ್ಗುತ್ತದೆ, ಕಾಲಿಗೆ ಮುಳ್ಳು ಚುಚ್ಚುತ್ತವೆ. ಹುಡುಗ ಗಾಬರಿಯಲ್ಲಿ ಕೊಡಲಿ ಎಸೆಯುತ್ತಾನೆ. ಅದು ಬಂಡೆಗೆ ಬಡಿದು ಕಿಡಿ ಹಾರುತ್ತದೆ. ಆ ಕಿಡಿಯ ಅರ್ಥ ಅವನಿಗೆ ಹೊಳೆಯುವುದು ಮರುದಿನ ಬೆಳಿಗ್ಗೆ. ಒಣಹುಲ್ಲು ಇಟ್ಟು ಕೊಡಲಿ ಬಡಿಯುತ್ತಾನೆ, ಹೊತ್ತುವುದಿಲ್ಲ. ಜೇಬಿನ ಇಪ್ಪತ್ತು ಡಾಲರ್ ನೋಟು ಹರಿದು ಇಡುತ್ತಾನೆ, ಅದೂ ಹೊತ್ತುವುದಿಲ್ಲ. ಬರ್ಚ್ ಮರದ ತೊಗಟೆಯನ್ನು ಕೂದಲೆಳೆಯಷ್ಟು ಸಣ್ಣಗೆ ಬಿಡಿಸಿ ಗೂಡಿನ ಹಾಗೆ ಮಾಡಿ ಕಿಡಿ ಬೀಳಿಸುತ್ತಾನೆ. ಕಿಡಿ ಕೂರುತ್ತದೆ, ಕೆಂಪಾಗುತ್ತದೆ, ಆರುತ್ತದೆ. ಇಷ್ಟು ಓದುವಾಗ ಒಮ್ಮೆ ಮುಂದೆ ಕೂತಿದ್ದ ಹುಡುಗನೊಬ್ಬ ತಡೆಯಲಾರದೆ ‘ಊದೋ, ಊದೋ’ ಅಂದುಬಿಟ್ಟ. ಅಜ್ಜಿ ಮನೆಯ ಸೌದೆ ಒಲೆ, ಊದುಗೊಳವೆ ಎಲ್ಲ ನೋಡಿದ ಹುಡುಗ. ಬ್ರಯನ್‌ಗೆ ಹೊಳೆಯುವ ಮೊದಲೇ ಇವನಿಗೆ ಹೊಳೆದಿತ್ತು. ಪುಸ್ತಕ ಕಂಡರೆ ಎದ್ದು ಹೋಗುತ್ತಾನೆ ಎಂದು ಅವನ ತಾಯಿ ಹೇಳಿದ್ದು ಇದೇ ಹುಡುಗನ ಬಗ್ಗೆ.

ಆಗ ನನಗೆ ಖಾತ್ರಿಯಾದದ್ದು ಇದು: ಮಗುವನ್ನು ಹಿಡಿದಿಡುವುದು ಬರೀ ಓಟವಲ್ಲ. ಮುಂದೇನಾಗುತ್ತದೆ ಎಂಬ ಪ್ರಶ್ನೆ ಇರಬೇಕು, ಅದರ ಜೊತೆಗೆ ಕೈಯಲ್ಲಿ ಮುಟ್ಟಿದಂತೆ ಅನಿಸುವ ವಿವರ ಇರಬೇಕು. ‘ಸ್ಟಾರ್ಮ್‌ಬ್ರೇಕರ್’ನಲ್ಲಿ ಮೊದಲನೆಯದು ಧಾರಾಳ. ‘ಹ್ಯಾಚೆಟ್’ನಲ್ಲಿ ಎರಡೂ ಇವೆ. ಸೈಕಲ್ ಬಿಚ್ಚಿ ಜೋಡಿಸುವ, ಗಾಳ ಹಾಕುವ, ಕೈ ಸುಮ್ಮನಿರದ ಮಕ್ಕಳಿಗೆ ಇದೇ ಸರಿ.

ಕೊಡುವ ಮುನ್ನ ದೊಡ್ಡವರು ಒಂದು ವಿಷಯ ತಿಳಿದಿರಬೇಕು. ಬ್ರಯನ್‌ನ ತಂದೆತಾಯಿ ಬೇರೆಯಾಗಿದ್ದಾರೆ, ಆ ನೋವು ಕಥೆಯುದ್ದಕ್ಕೂ ಇದೆ. ಹುಡುಕಲು ಬಂದ ವಿಮಾನ ತನ್ನನ್ನು ಕಾಣದೆ ಹೋದಾಗ ಅವನು ತೀರಾ ಕುಗ್ಗಿ ತನ್ನನ್ನೇ ಗಾಯಮಾಡಿಕೊಳ್ಳುವ ಮಾತು ಚಿಕ್ಕದಾಗಿ ಬರುತ್ತದೆ. ಹನ್ನೊಂದಕ್ಕಿಂತ ಚಿಕ್ಕವರಿಗೆ ನಾನು ಕೊಡುವುದಿಲ್ಲ. ಮನೆಯಲ್ಲಿ ಈಚೆಗೆ ಅಂಥ ನೋವು ಆಗಿದ್ದರೆ ಜೊತೆಯಲ್ಲಿ ಕೂತು ಓದುವುದು ಒಳ್ಳೆಯದು.

ಉದ್ದದ ಪುಟ ಕಂಡು ಸುಸ್ತಾಗುವವರಿಗೆ

ಲೂಯಿಸ್ ಸ್ಯಾಕರ್ ಅವರ ‘ಹೋಲ್ಸ್’ 1998ರಲ್ಲಿ ಬಂತು, ಮರುವರ್ಷ ಮಕ್ಕಳ ಸಾಹಿತ್ಯಕ್ಕೆ ಕೊಡುವ ಅಮೆರಿಕದ ನ್ಯೂಬೆರಿ ಪದಕ ಪಡೆಯಿತು. ಐವತ್ತು ಅಧ್ಯಾಯ, ಎಷ್ಟೋ ಅಧ್ಯಾಯಗಳು ಎರಡು ಮೂರು ಪುಟದಲ್ಲಿ ಮುಗಿದುಹೋಗುತ್ತವೆ. ಸುಸ್ತಾಗುವ ಮಗುವಿಗೆ ಇದೊಂದು ವರ. ಹತ್ತು ನಿಮಿಷ ಕೂತರೆ ಒಂದು ಅಧ್ಯಾಯ ಮುಗಿಯಿತು ಎನ್ನುವ ಹೆಮ್ಮೆ. ಮಾಡದ ಕಳ್ಳತನಕ್ಕೆ ಸ್ಟ್ಯಾನ್ಲಿ ಎಂಬ ಹುಡುಗನನ್ನು ಟೆಕ್ಸಸ್‌ನ ಒಂದು ಶಿಬಿರಕ್ಕೆ ಕಳಿಸುತ್ತಾರೆ. ಹೆಸರಿನಲ್ಲಿ ಕೆರೆ ಇದೆ, ಅಲ್ಲಿ ಹನಿ ನೀರಿಲ್ಲ. ಒಬ್ಬೊಬ್ಬ ಹುಡುಗನೂ ದಿನಕ್ಕೊಂದು ಗುಂಡಿ ತೋಡಬೇಕು, ಐದಡಿ ಆಳ, ಐದಡಿ ಅಗಲ. ಬುದ್ಧಿ ಬರಲಿ ಅಂತ ತೋಡಿಸುತ್ತಿದ್ದೇವೆ ಎನ್ನುತ್ತಾರೆ. ನಿಜವಾಗಿ ಏನೋ ಹುಡುಕಿಸುತ್ತಿದ್ದಾರೆ.

ಮೂರು ಕಾಲದ ಮೂರು ಕಥೆಗಳು ಹೆಣೆದುಕೊಂಡಿರುವುದರಿಂದ ಕೆಲವು ಮಕ್ಕಳಿಗೆ ನಡುವೆ ಗೊಂದಲವಾಗುತ್ತದೆ. ‘ಸ್ಟಾರ್ಮ್‌ಬ್ರೇಕರ್’ನಂತೆ ನೇರ ದಾರಿ ಅಲ್ಲ ಇದು. ಆದರೂ ನನಗೆ ಇಲ್ಲಿನ ಎಲ್ಲ ಇಂಗ್ಲಿಷ್ ಪುಸ್ತಕಗಳಿಗಿಂತ ಇದರ ಮೇಲೆ ಒಂದು ಹಿಡಿ ಪ್ರೀತಿ ಜಾಸ್ತಿ, ಜೀರೋ ಎಂಬ ಹುಡುಗನಿಗಾಗಿ. ಅವನಿಗೆ ಓದಲು ಬರುವುದಿಲ್ಲ. ಎಲ್ಲರೂ ದಡ್ಡ ಎಂದುಕೊಂಡಿದ್ದಾರೆ. ಸ್ಟ್ಯಾನ್ಲಿ ಅವನಿಗೆ ಅಕ್ಷರ ಕಲಿಸುತ್ತಾನೆ, ಬದಲಿಗೆ ಅವನು ಸ್ಟ್ಯಾನ್ಲಿಯ ಗುಂಡಿಯಲ್ಲಿ ಪಾಲು ತೋಡಿಕೊಡುತ್ತಾನೆ. ಓದಲು ಕಷ್ಟಪಡುವ ಮಗು ಈ ಪುಟಗಳನ್ನು ಓದುವಾಗ ಪಕ್ಕದಲ್ಲಿದ್ದು ನೋಡಿ, ಮಾತಾಡಿಸಬೇಡಿ.

ಮಾತಾಡದೆ ಅಮ್ಮನ ಮುಖ ನೋಡಿದ ಹುಡುಗ

ತರಗತಿಯಲ್ಲಿ ಹಿಂದೆ ಬಿದ್ದಿದ್ದೇನೆ ಎಂಬ ಸಂಕೋಚ ಹೊತ್ತ ಮಗುವಿಗೆ ದಪ್ಪಕ್ಷರದ, ಬಣ್ಣದ ಚಿತ್ರದ ತೆಳು ಪುಸ್ತಕ ಕೊಡುವುದು ನಾವು ಮಾಡುವ ದೊಡ್ಡ ತಪ್ಪು. ಅದು ಚಿಕ್ಕ ಮಕ್ಕಳ ಪುಸ್ತಕ ಎಂದು ಅವನಿಗೆ ಗೊತ್ತು, ಅವನ ಗೆಳೆಯರಿಗೂ ಗೊತ್ತು. ಅವನಿಗೆ ಬೇಕಾದದ್ದು ಎಲ್ಲರ ಬ್ಯಾಗಿನಲ್ಲೂ ಇರುವಂಥ ಪುಸ್ತಕ.

ರಿಕ್ ರಿಯೋರ್ಡನ್ ಅವರ ‘ದಿ ಲೈಟ್ನಿಂಗ್ ಥೀಫ್’ ಹುಟ್ಟಿದ್ದೇ ಇಂಥ ಮಗುವಿನಿಂದ. ಅವರ ಮಗನಿಗೆ ಡಿಸ್ಲೆಕ್ಸಿಯಾ (ಅಕ್ಷರ ಗುರುತಿಸಿ ಓದಲು ಕಷ್ಟವಾಗುವ ತೊಂದರೆ) ಮತ್ತು ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಇತ್ತು. ಅವನಿಗೆ ಮಲಗುವ ಹೊತ್ತಿನಲ್ಲಿ ಹೇಳಿದ ಕಥೆ 2005ರಲ್ಲಿ ಪುಸ್ತಕವಾಯಿತು. ನಾಯಕ ಪರ್ಸಿಗೂ ಅದೇ ತೊಂದರೆ. ಅವನ ಕಣ್ಣೆದುರು ಅಕ್ಷರಗಳು ತೇಲಾಡುತ್ತವೆ, ಒಂದು ಕಡೆ ಕೂರಲು ಆಗುವುದಿಲ್ಲ, ಒಂದಾದ ಮೇಲೊಂದು ಶಾಲೆಯಿಂದ ಹೊರಗೆ ಹಾಕಿಸಿಕೊಂಡಿದ್ದಾನೆ. ಆಮೇಲೆ ತಿಳಿಯುವುದೇನೆಂದರೆ ಅವನೊಬ್ಬ ಗ್ರೀಕ್ ದೇವರ ಮಗ. ಇಂಗ್ಲಿಷ್ ಅಕ್ಷರ ತೇಲುವುದಕ್ಕೆ ಕಾರಣ ಅವನ ಮಿದುಳು ಪ್ರಾಚೀನ ಗ್ರೀಕ್ ಓದಲು ಹೊಂದಿಕೊಂಡಿರುವುದು. ಸುಮ್ಮನೆ ಕೂರಲಾಗದಿರುವುದು ಯುದ್ಧದಲ್ಲಿ ಅವನನ್ನು ಬದುಕಿಸುವ ಚುರುಕು. ಮಾತಾಡದ ಆ ಹುಡುಗನಿಗೆ ಇದನ್ನೇ ಕೊಟ್ಟಿದ್ದೆ. ಒಂದೂವರೆ ತಿಂಗಳ ಮೇಲೆ ವಾಪಸ್ ಬಂದ ಪ್ರತಿಯಲ್ಲಿ ಅಕ್ಷರ ತೇಲುವ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ತೆಳ್ಳಗೆ ಗೆರೆ ಎಳೆದಿತ್ತು. ನಾನದನ್ನು ಅಳಿಸಿಲ್ಲ.

ಪುಸ್ತಕ ಸುಮಾರು ನಾನೂರು ಪುಟ ಇದೆ. ಅದು ತೊಡಕೂ ಹೌದು, ಅನುಕೂಲವೂ ಹೌದು. ದಪ್ಪ ಪುಸ್ತಕ ಹಿಡಿದು ಬಸ್ಸಿನಲ್ಲಿ ಕೂರುವ ಗತ್ತೇ ಬೇರೆ. ಪರ್ಸಿ ತಾನೇ ಹರಟುತ್ತಾ ಕಥೆ ಹೇಳುವುದರಿಂದ ಪುಟಗಳು ಭಾರ ಎನಿಸುವುದಿಲ್ಲ. ದೇವರುಗಳಿಗೆ ಮನುಷ್ಯರಲ್ಲಿ ಹುಟ್ಟಿದ ಮಕ್ಕಳ ಕಥೆ ಇದು. ಕರ್ಣ, ಭೀಮ, ಅರ್ಜುನರನ್ನು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಹೊಸದೇನಲ್ಲ.

ನಿಜವಾಗಿ ಡಿಸ್ಲೆಕ್ಸಿಯಾ ಇರುವ ಮಗುವಿಗೆ ನಾನೂರು ಪುಟ ಒಂಟಿಯಾಗಿ ಓದು ಎನ್ನುವುದು ಕ್ರೌರ್ಯ. ಆಡಿಯೋ ಪುಸ್ತಕ ಹಾಕಿ ಕಣ್ಣಲ್ಲಿ ಸಾಲು ಹಿಡಿದು ಸಾಗಲಿ, ಇಲ್ಲವೇ ಒಂದು ಪುಟ ನೀವು, ಒಂದು ಪುಟ ಅವನು. ಎಡಿನ್‌ಬರೊದಲ್ಲಿ 1998ರಲ್ಲಿ ಶುರುವಾದ ಬ್ಯಾರಿಂಗ್ಟನ್ ಸ್ಟೋಕ್ ಪ್ರಕಾಶನ ಇಂಥ ಮಕ್ಕಳಿಗೆಂದೇ ಪುಸ್ತಕ ತರುತ್ತದೆ. ಮಾಸಲು ಹಳದಿ ಕಾಗದ, ಬೇರೆಯೇ ಅಕ್ಷರವಿನ್ಯಾಸ, ಸಾಲುಗಳ ನಡುವೆ ಜಾಗ, ಚಿಕ್ಕ ಕಥೆ. ಹೊರಗಿನಿಂದ ನೋಡಿದರೆ ಬೇರೆ ಪುಸ್ತಕದಂತೆಯೇ ಇರುತ್ತವೆ, ಅದೇ ಅವುಗಳ ಹೆಚ್ಚುಗಾರಿಕೆ. ನಮ್ಮೂರಿನ ಅಂಗಡಿಗಳಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ತರಿಸಿಕೊಳ್ಳಬೇಕು.

ಎಷ್ಟು ಪುಸ್ತಕ ಬದಲಿಸಿದರೂ ಮಗು ಸಾಲು ತಪ್ಪುತ್ತಿದ್ದರೆ ಮೊದಲು ಕಣ್ಣು ತೋರಿಸಿ. ಕಣ್ಣು ಸರಿ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಲಿಕೆಯ ತೊಂದರೆಯ ಪರೀಕ್ಷೆ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ತೊಂದರೆಯೂ ಸೇರಿದೆ. ಇದರಲ್ಲಿ ನಾಚುವಂಥದ್ದು ಏನೂ ಇಲ್ಲ.

‘ಆ ಇಂಗ್ಲಿಷೇ ಅರ್ಥ ಆಗ್ಲಿಲ್ಲ’

ಈ ಹುಡುಗಿಯ ವಿಷಯಕ್ಕೆ ಬಂದರೆ ನನಗೆ ಹೊಟ್ಟೆ ಉರಿಯುತ್ತದೆ. ಆಟ, ಜಗಳ, ಕನಸು ಎಲ್ಲ ಕನ್ನಡದಲ್ಲಿ. ಕಥೆ ಮಾತ್ರ ಅರ್ಧ ತಿಳಿಯುವ ಭಾಷೆಯಲ್ಲಿ. ಕನ್ನಡದಲ್ಲಿ ಅವಳಿಗೆ ಸಿಕ್ಕಿದ್ದೇನು ಎಂದು ಕೇಳಿದರೆ, ನೀತಿಕಥೆಗಳು. ಹನ್ನೆರಡು ವರ್ಷದ ಹುಡುಗಿಗೆ ಮೊಲ ಆಮೆ ಕಥೆ ಕೊಟ್ಟರೆ ಕನ್ನಡ ಪುಸ್ತಕ ಅಂದರೆ ಬುದ್ಧಿಮಾತು ಅಂತಲೇ ಅವಳು ತೀರ್ಮಾನಿಸುತ್ತಾಳೆ. ಹಾಗಾಗಬಾರದು. ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿ ಇದ್ದಾರೆ.

ಕೆನೆತ್ ಆಂಡರ್ಸನ್ ಅವರ ಶಿಕಾರಿ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ನಾಲ್ಕು ಭಾಗ ಇವೆ: ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಕಾದಂಬರಿಗಿಂತ ಮೊದಲು ಇವನ್ನು ಕೊಡಿ ಎನ್ನುತ್ತೇನೆ, ಏಕೆಂದರೆ ಒಂದು ಕೂತಲ್ಲಿಗೆ ಒಂದು ಕಥೆ ಮುಗಿಯುತ್ತದೆ. ಭಾಷೆ ಜಗಲಿಯಲ್ಲಿ ಕೂತು ಹೇಳಿದ ಹಾಗೆ ಸಲೀಸು. ಮೆಟ್ರೊ ಹತ್ತುವ ಜಾಲಹಳ್ಳಿಯಲ್ಲಿ ಒಂದು ಕಾಲಕ್ಕೆ ಚಿರತೆ ಇತ್ತು ಎಂದು ಓದಿದ ಬೆಂಗಳೂರಿನ ಮಗುವಿನ ಕಣ್ಣು ಅಗಲವಾಗುವುದನ್ನು ನೋಡಬೇಕು. ಇಂಗ್ಲೆಂಡಿನ ದ್ವೀಪ, ಟೆಕ್ಸಸ್‌ನ ಮರಳು ಈ ಕೆಲಸ ಮಾಡಲಾರವು.

ತೇಜಸ್ವಿಯವರೇ ಕನ್ನಡಕ್ಕೆ ತಂದ, ಬೇಟೆಗಾರ ಜಿಮ್ ಕಾರ್ಬೆಟ್ ಅವರ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಇನ್ನೂ ಒಂದು ಕೈ ಮೇಲು, ಭಯದಲ್ಲಿ. ಎಂಟು ವರ್ಷ, 125ಕ್ಕೂ ಹೆಚ್ಚು ಜನರನ್ನು ಕೊಂದ ಚಿರತೆ, 1926ರಲ್ಲಿ ಅದರ ಅಂತ್ಯ. ಇಬ್ಬರು ಗೆಳೆಯರು ಕತ್ತಲ ಕೋಣೆಯಲ್ಲಿ ಒಂದೇ ಚಿಲುಮೆ ಸೇದುತ್ತಾ ಕೂತಿರುತ್ತಾರೆ. ಚಿಲುಮೆ ನೆಲಕ್ಕೆ ಬಿದ್ದು ಕೆಂಡ ಚೆಲ್ಲುತ್ತದೆ. ಕಂಬಳಿ ಸುಟ್ಟೀತು, ನೋಡಿಕೋ ಎನ್ನುತ್ತಾ ಒಬ್ಬ ಬಗ್ಗಿ ಕೆಂಡ ಬಾಚುತ್ತಾನೆ. ಆಗ ಬಾಗಿಲು ಕಣ್ಣಿಗೆ ಬೀಳುತ್ತದೆ. ಮುಳುಗುವ ಚಂದ್ರನ ಬೆಳಕಿನಲ್ಲಿ ಚಿರತೆ ಅವನ ಗೆಳೆಯನನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದೆ. ಒಂದು ಸದ್ದಿಲ್ಲ. ಹನ್ನೆರಡು ದಾಟದವರಿಗೆ, ರಾತ್ರಿ ಹೊತ್ತು, ಇದು ಬೇಡ.

ಎರಡರಲ್ಲೂ ಪ್ರಾಣಿಗಳನ್ನು ಕೊಲ್ಲುತ್ತಾರೆ. ಮಕ್ಕಳು ಕೇಳಿಯೇ ಕೇಳುತ್ತಾರೆ, ಹುಲಿ ಹೊಡೆಯುವುದು ತಪ್ಪಲ್ಲವಾ ಎಂದು. ಆಗಿನ ಕಾಲ, ನರಭಕ್ಷಕದ ಕಾಟ, 1972ರ ವನ್ಯಜೀವಿ ಕಾಯ್ದೆ ಇವನ್ನೆಲ್ಲ ಹೇಳಲು ಒಳ್ಳೆಯ ಸಂದರ್ಭ ಅದು.

ಇವೆರಡರ ರುಚಿ ಹತ್ತಿದ ಮೇಲೆ ‘ಕರ್ವಾಲೊ’. 1980ರ ಈ ಕಾದಂಬರಿಯನ್ನು ಮೊದಲೇ ಕೊಟ್ಟರೆ ಕೆಲವು ಮಕ್ಕಳು ನಡುವಿನ ಕೋರ್ಟು ಕೇಸಿನ ಪುಟಗಳಲ್ಲಿ ನಿಂತುಬಿಡುತ್ತಾರೆ. ಕಾಡು ಹೊಕ್ಕ ಮೇಲೆ ನಿಲ್ಲುವ ಮಾತೇ ಇಲ್ಲ. ಮೂಡಿಗೆರೆಯ ಮಂದಣ್ಣ, ವಿಜ್ಞಾನಿ ಕರ್ವಾಲೊ, ನಾಯಿ ಕಿವಿ ಎಲ್ಲರೂ ಒಂದು ಹಾರುವ ಓತಿಯ ಬೆನ್ನು ಹತ್ತುತ್ತಾರೆ. ಕೊನೆಯನ್ನು ಇಲ್ಲಿ ಹೇಳಲಾರೆ. ‘ಜುಗಾರಿ ಕ್ರಾಸ್’ ಇನ್ನೂ ಬಿರುಸು, ಒಂದೇ ದಿನದೊಳಗೆ ನಡೆದುಹೋಗುವ ಕಥೆ, ಆದರೆ ಹದಿನಾಲ್ಕರ ಮೇಲಿನವರಿಗೆ.

ಇಂಗ್ಲಿಷ್ ಮೀಡಿಯಂ ಮಕ್ಕಳು ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾರೆ. ನಿಲ್ಲಲಿ. ಮೊದಲ ಕಥೆಯನ್ನು ನೀವೇ ಓದಿ ಹೇಳಿ, ಚಿರತೆ ಬಾಗಿಲು ಕೆರೆಯುವಲ್ಲಿ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ. ಹೊರದೇಶದಲ್ಲಿರುವ ಮೊಮ್ಮಕ್ಕಳಿಗೆ ವಿಡಿಯೊ ಕಾಲಿನಲ್ಲಿ ವಾರಕ್ಕೊಂದು ಕಥೆ ಓದುವ ಅಜ್ಜಂದಿರಿದ್ದಾರೆ. ಅಲ್ಲಿಯ ಶಾಲೆಯಲ್ಲಿ ‘ಹೋಲ್ಸ್’, ‘ಹ್ಯಾಚೆಟ್’ ಹೇಗೂ ಸಿಗುತ್ತವೆ. ತೇಜಸ್ವಿ ಸಿಗಬೇಕಾದರೆ ಮನೆಯಿಂದಲೇ ಸಿಗಬೇಕು.

ಬೇಡ ಎನ್ನುವ ಒಂದು ಸಾಲು

ಹುಟ್ಟುಹಬ್ಬಕ್ಕೆ ಬರುವ ಸಂಕ್ಷಿಪ್ತ ಕ್ಲಾಸಿಕ್‌ಗಳನ್ನು ನಾನು ಓದಲೊಲ್ಲದ ಮಕ್ಕಳಿಗೆ ಕೊಡುವುದಿಲ್ಲ. ‘ಟ್ರೆಷರ್ ಐಲೆಂಡ್’ನಂಥ ಕಥೆಯನ್ನು ಅರವತ್ತು ಪುಟಕ್ಕೆ ಇಳಿಸಿದರೆ ಉಳಿಯುವುದು ‘ಆಮೇಲೆ ಜಗಳವಾಯಿತು, ಆಮೇಲೆ ತಪ್ಪಿಸಿಕೊಂಡರು’ ಅಷ್ಟೇ. ಉಸಿರು ಬಿಗಿಹಿಡಿಯುವ ಕ್ಷಣವನ್ನೇ ಕತ್ತರಿಸಿ ತೆಗೆದಿರುತ್ತಾರೆ. ಚಿಕ್ಕದೇ ಬೇಕಿದ್ದರೆ ಚಿಕ್ಕದಾಗಿಯೇ ಹುಟ್ಟಿದ ಕಥೆ ಕೊಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಹಂತ ಹಂತವಾಗಿ ವಿಂಗಡಿಸಿ ಉಚಿತವಾಗಿ ಸಿಗುತ್ತವೆ. ಕಾಮಿಕ್ಸ್ ಓದುತ್ತಿದ್ದರೆ ಅದನ್ನೂ ಓದು ಎಂದೇ ಎಣಿಸಿ.

ಕೊಳ್ಳುವ ಮುನ್ನ ಎರವಲು ತನ್ನಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೋ, ನಗರದ ಕೇಂದ್ರ ಗ್ರಂಥಾಲಯದಲ್ಲೋ ಮೂರು ನಾಲ್ಕು ಪುಸ್ತಕಗಳ ಮೊದಲ ಎರಡು ಪುಟ ಮಗುವೇ ಓದಿ ಆರಿಸಲಿ. ಇಪ್ಪತ್ತು ಪುಟ ಓದಿ ಬೇಡ ಎಂದರೆ ವಾಪಸ್ ಕೊಡಲಿ, ಬೈಯಬೇಡಿ. ಓದಿ ಮುಗಿಸಿದರೆ ‘ಏನು ಕಲಿತೆ’ ಎಂದು ಕೇಳಬೇಡಿ. ಸರಣಿಯ ಎರಡನೆಯ ಭಾಗವನ್ನು ಮಾತ್ರ ಕೊಂಡು ಮನೆಯಲ್ಲಿಟ್ಟುಕೊಳ್ಳಿ, ಯಾಕೆಂದರೆ ಅದು ಬೇಕೆನಿಸುವ ಹೊತ್ತಿಗೆ ಗ್ರಂಥಾಲಯದ ಬಾಗಿಲು ಹಾಕಿರುತ್ತದೆ.

ಇಂಗ್ಲಿಷ್ ಅರ್ಥವಾಗಲಿಲ್ಲ ಎಂದ ಆ ಹುಡುಗಿ ಒಯ್ದ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಇನ್ನೂ ನನ್ನ ಕೈಗೆ ಬಂದಿಲ್ಲ. ಹೋದ ಭಾನುವಾರ ಕೇಳಿದೆ. ‘ನಂದು ಮುಗೀತು ಆಂಟಿ, ಈಗ ತಾತ ಓದ್ತಿದಾರೆ’ ಅಂದಳು.